ಹೆದರಿದವರ ದೇವರು

ಆಸ್ಪತ್ರೆಯ ವರಾಂಡದಲ್ಲಿ, ಸಾಲದ ಕಂತು ಕಟ್ಟಲಾಗದ ಮನೆಯ ಜಗಲಿಯ ಮೇಲೆ, ಮಗನ ಫೋನು ನಿನ್ನೆಯಿಂದ ಸ್ವಿಚ್ ಆಫ್ ಆಗಿದೆ ಎಂದು ಕಂಗಾಲಾದ ತಾಯಿಯ ಎದುರಿನಲ್ಲಿ ನಾವೆಲ್ಲರೂ ಒಂದೇ ಮಾತನ್ನು ಹೇಳುತ್ತೇವೆ: ‘ದೇವರಿದ್ದಾನೆ, ಹೆದರಬೇಡಿ.’ ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಮಾತು ಕೇಳಿದವರ ಮೇಲೆ ಎಷ್ಟೋ ಸಲ ಎರಡನೆಯ ಹೊರೆಯನ್ನು ಹೊರಿಸುತ್ತದೆ. ಮೊದಲೇ ನಡುಗುತ್ತಿದ್ದ ಮನುಷ್ಯ, ತನ್ನ ನಡುಕವೇ ತನ್ನ ಭಕ್ತಿ ಸಾಲದೆಂಬುದಕ್ಕೆ ಸಾಕ್ಷಿಯೇನೋ ಎಂದು ಒಳಗೊಳಗೇ ಕುಗ್ಗತೊಡಗುತ್ತಾನೆ. ನಿಜವಾಗಿ ನಂಬಿದವನಿಗೆ ಭಯವೇ ಇರಕೂಡದು ಎಂಬ ತಿಳಿವಳಿಕೆ ನಮ್ಮಲ್ಲಿ ಎಲ್ಲಿಂದ ಬೇರೂರಿತೋ ಕಾಣೆ, ಕೋಲಾರ ಸೀಮೆಯ ದೇವರುಗಳಿಂದಂತೂ ಅದು ಬಂದದ್ದಲ್ಲ.

ಕೋಲಾರಮ್ಮನ ಗುಡಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಗಂಗರ ಕಾಲಕ್ಕೆ ಬೇರು ಚಾಚಿರುವ, ಚೋಳರ ಕೈಯಲ್ಲಿ ಬೆಳೆದ ಆ ಕಲ್ಲಿನ ಗುಡಿಯಲ್ಲಿ ತಾಯಿಯನ್ನು ನೇರವಾಗಿ ದಿಟ್ಟಿಸುವ ವಾಡಿಕೆಯಿಲ್ಲ. ಅವಳ ನೋಟವನ್ನು ಮನುಷ್ಯರು ತಾಳಲಾರರೆಂದು ಎದುರಿಗೆ ಕನ್ನಡಿಯಿಟ್ಟಿದ್ದಾರೆ. ಭಕ್ತರು ಅದರಲ್ಲಿ ಮೂಡಿದ ರೂಪಕ್ಕೆ ಕೈಮುಗಿಯುತ್ತಾರೆ. ಅಂದರೆ ಊರಿನ ಹೆಸರನ್ನೇ ಹೊತ್ತ, ಊರನ್ನು ಕಾಯುವ ತಾಯಿಯೇ ಭಯ ಹುಟ್ಟಿಸುವವಳು ಎಂಬುದನ್ನು ಈ ಗುಡಿ ಮುಚ್ಚಿಡುವುದಿಲ್ಲ. ಬದಲಿಗೆ, ಹೆದರಿದವರು ಅವಳ ಹತ್ತಿರ ಬರಲು ಒಂದು ದಾರಿಯನ್ನು ಮಾಡಿಕೊಟ್ಟಿದೆ. ಆ ಕನ್ನಡಿಯ ಮುಂದೆ ನಿಂತಾಗಲೆಲ್ಲ ನನಗೆ ತೋರುವುದು, ಇದನ್ನು ಏರ್ಪಡಿಸಿದ ಹಿರಿಯರಿಗೆ ಅಂಜಿಕೆಯ ವಿಷಯ ನಮಗಿಂತ ಚೆನ್ನಾಗಿ ತಿಳಿದಿತ್ತು ಎಂದು.

ಅದೇ ಆವರಣದಲ್ಲಿ ಚೇಳಮ್ಮನ ಸನ್ನಿಧಿಯೂ ಇದೆ. ಅವಳಿಗೆ ನಡೆದುಕೊಂಡವರನ್ನು ಚೇಳು ಕುಟುಕುವುದಿಲ್ಲ ಎಂಬುದು ಇಲ್ಲಿನ ನಂಬಿಕೆ; ನೆಲದೊಳಗೆ ಕಲ್ಲಿನಲ್ಲೇ ಕೊರೆದ ಹಳೆಯ ಹುಂಡಿಗೆ ಜನ ಇಂದಿಗೂ ಕಾಣಿಕೆ ಹಾಕುತ್ತಾರೆ. ಪೇಟೆಯ ಓದುಗರಿಗೆ ಚೇಳಿಗೊಂದು ದೇವತೆ ಎಂದರೆ ನಗು ಬರಬಹುದು. ಕಲ್ಲುಗುಡ್ಡಗಳ ನಾಡಿನಲ್ಲಿ, ಬರಿಗಾಲಿನಲ್ಲಿ ಹೊಲಕ್ಕೆ ನಡೆಯುವವರಿಗೆ, ಸೌದೆಯ ರಾಶಿಯೊಳಗೆ ಕೈ ಹಾಕುವವರಿಗೆ, ಮಗುವನ್ನು ನೆಲದ ಮೇಲೆ ಮಲಗಿಸುವವರಿಗೆ ಆ ಭಯ ನಗುವ ಭಯವಲ್ಲ. ಕೆಂಪು ಚೇಳಿನ ವಿಷ ಹೃದಯಕ್ಕೆ ಪೆಟ್ಟು ಕೊಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ, ಅದರಲ್ಲೂ ಮಕ್ಕಳಿಗೆ ಅದು ಪ್ರಾಣಾಂತಕ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯರಾದ ಹಿಮ್ಮತ್‌ರಾವ್ ಬಾವಸ್ಕರ್ ಅವರು, ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಈ ವಿಷದ ಪರಿಣಾಮವನ್ನು ತಡೆಯಬಲ್ಲದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ ಎಷ್ಟೋ ಮಕ್ಕಳು ಬದುಕಿದ್ದಾರೆ. ಚೇಳಮ್ಮನಿಗೆ ಕಾಣಿಕೆ ಹಾಕಿದ ಕೈಯೇ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡುವುದರಲ್ಲಿ ನನಗೆ ಯಾವ ವಿರೋಧವೂ ಕಾಣುವುದಿಲ್ಲ. ಕಾಣಿಕೆ ಹಾಕಿದ್ದೇನಲ್ಲ ಎಂದು ಓಡದೆ ಕೂರುವುದಿದೆಯಲ್ಲ, ಅದನ್ನು ಮಾತ್ರ ನಾನು ನಂಬಿಕೆ ಎನ್ನಲಾರೆ.

ಪುರಾಣಗಳ ಕಡೆಗೆ ತಿರುಗಿದರೂ ಚಿತ್ರ ಬೇರೆಯಿಲ್ಲ. ನಿರ್ಭಯಕ್ಕೆ ನಾವು ಮೊದಲು ನೆನೆಯುವ ಹೆಸರು ಪ್ರಹ್ಲಾದನದು. ಆನೆ ತುಳಿದರೂ, ಬೆಂಕಿಗೆ ಹಾಕಿದರೂ ಅಲುಗದ ಬಾಲಕನೆಂದೇ ಹರಿಕಥೆಗಳಲ್ಲಿ ಅವನ ವರ್ಣನೆ. ಆದರೆ ಭಾಗವತದ ಏಳನೆಯ ಸ್ಕಂಧದಲ್ಲಿ, ಹಿರಣ್ಯಕಶಿಪುವನ್ನು ಕೊಂದು ಇನ್ನೂ ಕೋಪ ಇಳಿಯದೆ ಕುಳಿತ ನರಸಿಂಹನ ಮುಂದೆ ದೇವತೆಗಳೂ ಲಕ್ಷ್ಮಿಯೂ ಹೋಗಲು ಹಿಂಜರಿದಾಗ ಬಳಿಗೆ ನಡೆದ ಆ ಹುಡುಗ ಸ್ತುತಿಯ ನಡುವೆ ಹೇಳುವ ಮಾತನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಿನ್ನ ಈ ಭಯಂಕರವಾದ ಬಾಯಿಗೆ, ನಾಲಗೆಗೆ, ಕೋರೆಗಳಿಗೆ, ಉಗುರುಗಳಿಗೆ ನಾನು ಹೆದರುವುದಿಲ್ಲ. ತಡೆಯಲಾಗದ ಈ ಸಂಸಾರದ ಚಕ್ರಕ್ಕೆ ಹೆದರಿದ್ದೇನೆ ಎನ್ನುತ್ತಾನೆ ಅವನು. ಭಕ್ತರಲ್ಲಿ ಅಗ್ರಗಣ್ಯನಾದವನು, ದೇವರು ಕಂಬ ಸೀಳಿಕೊಂಡು ಬಂದು ಕಣ್ಣೆದುರಿಗೇ ಕುಳಿತಿರುವಾಗ, ‘ನನಗೆ ಭಯವಾಗಿದೆ’ ಎಂದು ಅವನಿಗೇ ಹೇಳಿಕೊಳ್ಳುತ್ತಿದ್ದಾನೆ. ನರಸಿಂಹ ಅದಕ್ಕಾಗಿ ಅವನನ್ನು ಗದರಿಸುವುದಿಲ್ಲ. ಗೀತೆಯಲ್ಲಿಯೂ ಅಷ್ಟೆ: ಹದಿನಾರನೆಯ ಅಧ್ಯಾಯ ದೈವೀ ಗುಣಗಳ ಪಟ್ಟಿಯನ್ನು ಅಭಯದಿಂದಲೇ ಆರಂಭಿಸುತ್ತದೆ, ನಿಜ. ಆದರೆ ಅದಕ್ಕೆ ಮೊದಲು ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪ ಕಂಡ ಅರ್ಜುನ ನಡುಗುತ್ತ, ತೊದಲುತ್ತ, ನಿನ್ನ ಹಿಂದಿನ ರೂಪವನ್ನೇ ತೋರಿಸು ಎಂದು ಬೇಡಿಕೊಳ್ಳುತ್ತಾನೆ, ಕೃಷ್ಣ ತೋರಿಸುತ್ತಾನೆ. ಭಯಪಟ್ಟವನನ್ನು ಅನರ್ಹನೆಂದು ಅಲ್ಲಿಗೇ ಬಿಟ್ಟುಹೋಗಿದ್ದರೆ ಉಳಿದ ಏಳು ಅಧ್ಯಾಯಗಳನ್ನು ಯಾರಿಗೆ ಹೇಳಬೇಕಿತ್ತು?

ಆದ್ದರಿಂದ ನಂಬಿಕೆ ಎಂಬುದು ಭಯವನ್ನು ಅಳಿಸಿಹಾಕುವ ಔಷಧವಲ್ಲ, ನಾವು ಹೆದರಿದ್ದು ನಡೆಯುವುದಿಲ್ಲ ಎಂಬ ಖಾತ್ರಿಪತ್ರವೂ ಅಲ್ಲ ಎಂದು ನಾನು ತಿಳಿದಿದ್ದೇನೆ. ಭಯವನ್ನು ಇಟ್ಟುಕೊಂಡೇ ಆ ಹೊತ್ತಿಗೆ ಮಾಡಬೇಕಾದ ಕೆಲಸವನ್ನು ಮಾಡಲು, ಅಥವಾ ಮಾಡಬಾರದ ಕೆಲಸದಿಂದ ಕೈ ತಡೆಯಲು ಬೇಕಾಗುವಷ್ಟು ಸ್ಥಿಮಿತವನ್ನು ಅದು ಕೊಡುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಕೇಳುವವರ ಬಗ್ಗೆ ನನಗೆ ಸ್ವಲ್ಪ ಅನುಮಾನವೇ.

ಈ ಮಾತನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿಸಿದವರು ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು. ಕೆ.ಜಿ.ಎಫ್.ನ ಗಣಿಗಳು 1880ರಿಂದ 2001ರ ಫೆಬ್ರವರಿಯವರೆಗೆ ನಡೆದವು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ ಮೂರು ಕಿಲೋಮೀಟರ್‌ಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಸುಡುತ್ತಿರುತ್ತದೆ. ಅದಕ್ಕಿಂತ ಭಯಾನಕವಾದದ್ದು, ಮೇಲಿನ ಭಾರಕ್ಕೆ ಬಿಗಿದುಕೊಂಡ ಬಂಡೆ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದು ಚೂರಾಗುವುದು. ಗಣಿಯವರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ದೊಡ್ಡದಾದರೆ ಮೇಲಿನ ಊರಿನ ಮನೆಗಳಲ್ಲಿಯೂ ಪಾತ್ರೆಗಳು ಅದುರುತ್ತಿದ್ದವಂತೆ. ಆಗ ಕೆಳಗೆ ಪಾಳಿಯಲ್ಲಿದ್ದವರ ಹೆಂಡತಿಯರು ಒಲೆಯನ್ನು ಹಾಗೆಯೇ ಬಿಟ್ಟು ಶಾಫ್ಟಿನ ಬಾಯಿಗೆ ಓಡಿಬಂದು ನಿಲ್ಲುತ್ತಿದ್ದರೆಂದು ಅವರು ಹೇಳುತ್ತಿದ್ದರು.

‘ಗಣಿಗೆ ಇಳಿಸುವ ಕೇಜಿನೊಳಗೆ ಕಾಲಿಡುವಾಗ ಭಯವಾಗುತ್ತಿರಲಿಲ್ಲವೆ ತಾತ?’ ಎಂದು ನಾನು ಕೇಳಿದ್ದುಂಟು. ‘ದಿನಾ ಆಗ್ತಿತ್ತಪ್ಪ. ಭಯ ಇಲ್ಲ ಅನ್ನೋನ ಜೊತೆ ಕೆಲಸ ಮಾಡೋಕೆ ನಾವು ಒಪ್ತಿರಲಿಲ್ಲ’ ಎಂದರು. ಕೇಜು ಇಳಿಯುವ ಮುನ್ನ ಎಲ್ಲರೂ ಅವರವರ ದೇವರನ್ನು ನೆನೆಯುತ್ತಿದ್ದರು. ಕೈಮುಗಿಯುವವರು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವವರು, ಬಿಸ್ಮಿಲ್ಲಾ ಎನ್ನುವವರು ಎಲ್ಲರೂ ಒಂದೇ ಕಂಬಿಯನ್ನು ಹಿಡಿದು ನಿಂತಿರುತ್ತಿದ್ದರು. ಕೆಳಗೆ ಮುಟ್ಟಿದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಪ್ರಾರ್ಥನೆಯಲ್ಲ, ಮೇಲಿನ ಬಂಡೆಯನ್ನು ತಟ್ಟಿ ಅದರ ಸದ್ದು ಕೇಳುವುದು. ಚಿನ್ನ ತೆಗೆದು ಬರಿದಾದ ಜಾಗಕ್ಕೆ ಮರದ ಆಸರೆ ಸಾಲದೆಂದು ಅರಿತ ಮೇಲೆ ಕಡೆದ ಕಗ್ಗಲ್ಲಿನ ಗೋಡೆಗಳನ್ನು ಕಟ್ಟುತ್ತಿದ್ದರು. ಬಂಡೆಯ ಅದುರುವಿಕೆಯನ್ನು ಅಳೆಯುವ ಉಪಕರಣಗಳು ಬಂದವು. ಶಿಲಾ ಯಂತ್ರವಿಜ್ಞಾನದ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಇದೇ ಊರಿನಲ್ಲಿ ಹುಟ್ಟಿತು. ಆ ಹಿರಿಯರಿಗೆ ಈ ಕಲ್ಲಿನ ಗೋಡೆಗೂ ಕೇಜಿನೊಳಗಿನ ಪ್ರಾರ್ಥನೆಗೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬೇಕೆಂದು ಎಂದೂ ಅನ್ನಿಸಿರಲಿಲ್ಲ. ದೇವರನ್ನು ನೆನೆಯದಿದ್ದರೆ ತಮ್ಮ ಕೈ ನಡುಗಿ ಗೋಡೆ ಸೊಟ್ಟಗಾಗುತ್ತಿತ್ತು ಎಂದಷ್ಟೇ ಅವರು ಹೇಳಿದರು. ಭಕ್ತಿಯ ಉಪಯೋಗವನ್ನು ಇಷ್ಟು ಲೆಕ್ಕಾಚಾರದಿಂದ ಹೇಳಿದ ಮತ್ತೊಬ್ಬರನ್ನು ನಾನು ಕಂಡಿಲ್ಲ. ಅವರ ಜೊತೆಗಾರರಲ್ಲಿ ಕೆಲವರು ಅಂಥದೇ ಪ್ರಾರ್ಥನೆ ಮಾಡಿ, ಅಂಥದೇ ಗೋಡೆ ಕಟ್ಟಿ, ಮೇಲಕ್ಕೆ ಬರಲೇ ಇಲ್ಲ. ಅವರ ಭಕ್ತಿ ಕಡಿಮೆಯಿತ್ತೆಂದು ಈ ಹಿರಿಯರ ಎದುರಿಗೆ ಯಾರಾದರೂ ಹೇಳಿದ್ದರೆ ಎದ್ದು ಬಾರಿಸುತ್ತಿದ್ದರೇನೋ.

2020ರ ಮಾರ್ಚ್ ಕೊನೆಗೆ ದೇಶವೇ ಮುಚ್ಚಿದಾಗ ಗುಡಿ, ಮಸೀದಿ, ಚರ್ಚುಗಳ ಬಾಗಿಲುಗಳೂ ಮುಚ್ಚಿದ್ದನ್ನು ಯಾರೂ ಮರೆತಿರಲಾರರು. ಭಯವಾದಾಗ ಓಡಿಹೋಗುತ್ತಿದ್ದ ಜಾಗಕ್ಕೇ ಬೀಗ. ಮುಂದಿನ ವರ್ಷದ ಬೇಸಿಗೆಯಲ್ಲಿ, ಎರಡನೆಯ ಅಲೆಯ ದಿನಗಳಲ್ಲಿ, ನಮ್ಮ ಬೀದಿಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಬೆಳಿಗ್ಗೆ ಗುಡಿಯ ದಿಕ್ಕಿಗೆ ಒಮ್ಮೆ ಕೈಮುಗಿದು, ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಒರೆಸಿಕೊಂಡು, ಮನೆಮನೆಯ ಬಾಗಿಲು ತಟ್ಟುತ್ತಿದ್ದರು. ಆಕೆಯ ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ಭಯವಿರಲಿಲ್ಲವೆಂದು ಆಕೆಯ ಮುಖ ನೋಡಿದ ಯಾರೂ ಹೇಳುತ್ತಿರಲಿಲ್ಲ.

ಇದಕ್ಕೆ ಪೂರ್ತಿ ಬೇರೆಯಾದ ವ್ಯಾಪಾರವೊಂದು ನಮ್ಮ ನಡುವೆ ನಡೆಯುತ್ತಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಬೆಳಗಾಗುತ್ತಲೇ ಟಿ.ವಿ.ಯಲ್ಲಿ ಕುಳಿತು ಇಂಥ ರಾಶಿಯವರಿಗೆ ಗಂಡಾಂತರ ಎಂದು ಮೊದಲು ಭಯವನ್ನು ಹಂಚಿ, ಆಮೇಲೆ ಅದಕ್ಕೆ ಯಂತ್ರ, ತಾಯಿತ, ಶಾಂತಿಯ ದರಪಟ್ಟಿಯನ್ನು ಹೇಳುವವರಿದ್ದಾರೆ. ಅವರಿಗೆ ಹೆದರಿದ ಮನುಷ್ಯ ಬೇಕು, ಅವನ ಹೆದರಿಕೆ ಪೂರ್ತಿ ಹೋಗುವುದೂ ಬೇಡ. ಅವರ ಬಳಿಗೆ ಹೋಗುವವರನ್ನು ನಾನು ಹೀಗಳೆಯುವುದಿಲ್ಲ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಆದರೆ ಕೋಲಾರಮ್ಮನ ಕನ್ನಡಿಯ ಮುಂದೆ ನಿಂತು ಒಂದು ಗಳಿಗೆ ಅತ್ತು ಬರುವವರಿಗೂ ಈ ದರಪಟ್ಟಿಗೆ ಹಣ ಕಟ್ಟಿ ಬರುವವರಿಗೂ ವ್ಯತ್ಯಾಸವಿದೆ. ಮೊದಲನೆಯವರು ತಮ್ಮ ಭಯವನ್ನು ಅಲ್ಲಿ ಒಪ್ಪಿಸಿ ಬರುತ್ತಾರೆ, ಎರಡನೆಯವರು ಇನ್ನಷ್ಟನ್ನು ಕೊಂಡು ತರುತ್ತಾರೆ.

ಹರಕೆಯ ವಿಷಯ ಇಷ್ಟು ಸರಳವಲ್ಲ. ಓದಿದವರು ಹರಕೆಯನ್ನು ದೇವರ ಜೊತೆಗಿನ ಚೌಕಾಸಿ ಎಂದು ತಳ್ಳಿಹಾಕುವುದನ್ನು ಕೇಳಿದ್ದೇನೆ, ಒಂದು ಕಾಲಕ್ಕೆ ನನಗೂ ಆ ವಾದ ಹಿಡಿಸುತ್ತಿತ್ತು. ಅದರಲ್ಲಿ ಏನೋ ಬಿಟ್ಟುಹೋಗಿದೆ ಎನ್ನಿಸಿದ್ದು ಅಣ್ಣನ ಮನೆಯ ಬೋರ್‌ವೆಲ್ಲಿನ ಪ್ರಸಂಗದಿಂದ.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಪಾಲಾರ್ ನಮ್ಮಲ್ಲಿ ಹಾದುಹೋದರೂ ಅದರಲ್ಲಿ ನೀರು ಕಾಣುವುದು ಒಳ್ಳೆಯ ಮಳೆಯಾದ ವರ್ಷ ಮಾತ್ರ. ಹಿಂದಿನವರು ಕೆರೆ ಕಟ್ಟಿ ಬದುಕಿದರು. ಆಮೇಲಿನವರು ತೆರೆದ ಬಾವಿ ತೋಡಿದರು, ಅದು ಬತ್ತಿದ ಮೇಲೆ ಬೋರ್ ಕೊರೆಸಿದರು, ಈಗ ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ; ಅದರ ಒಳಿತು ಕೆಡುಕಿನ ಜಗಳ ಬೇರೆಯೇ ಇದೆ. ಶ್ರೀನಿವಾಸಪುರದ ಕಡೆಯ ಅಣ್ಣನ ತೋಟಕ್ಕಂತೂ ಅದರ ಪಸೆ ತಾಗಿರಲಿಲ್ಲ. ಇದ್ದ ಬೋರು ಕೈಕೊಟ್ಟಿತ್ತು. ಎಳೆಯ ಮಾವಿನ ಗಿಡಗಳು, ಟೊಮೇಟೊ, ಎರಡು ಸೀಮೆಹಸು, ಬ್ಯಾಂಕಿನ ಸಾಲ. ನೀರಿನ ಪಾಯಿಂಟ್ ನೋಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟದಲ್ಲೆಲ್ಲ ನಡೆದರು. ಕಾಯಿ ಎದ್ದು ನಿಂತ ಜಾಗದಲ್ಲಿ ಕಲ್ಲಿಟ್ಟರು.

ಬೋರ್ ಲಾರಿ ಬಂದದ್ದು ಸಂಜೆ. ಅತ್ತಿಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ನೀರು ಬಂದರೆ ಈ ಸಲದ ಜಾತ್ರೆಗೆ ಗಂಗಮ್ಮನಿಗೆ ತಂಬಿಟ್ಟಿನ ದೀಪ ಹೊರುತ್ತೇನೆಂದು ಹರಸಿಕೊಂಡರು. ಆ ಮೇಲಿನ ರಾತ್ರಿಯನ್ನು ಈ ಸೀಮೆಯ ರೈತರಿಗೆ ವಿವರಿಸಬೇಕಾಗಿಲ್ಲ. ಕಂಪ್ರೆಸರಿನ ಆರ್ಭಟಕ್ಕೆ ಮನೆಯ ಹಂಚು ನಡುಗುತ್ತದೆ. ಒಂದೊಂದು ರಾಡ್ ಇಳಿದಂತೆ ಅಡಿಯ ಲೆಕ್ಕ ಏರುತ್ತದೆ, ಅಡಿಯ ಜೊತೆಗೆ ದುಡ್ಡಿನದೂ. ಬಾಯಿಂದ ಬಿಳಿಯ ಧೂಳು ಹೊಗೆಯಂತೆ ಏಳುತ್ತಿರುವಷ್ಟು ಹೊತ್ತು ಎಲ್ಲರ ಕಣ್ಣೂ ಅದರ ಬಣ್ಣದ ಮೇಲೆ. ಎಲ್ಲಾದರೂ ಒದ್ದೆಯಾಯಿತೇ, ಕೆಸರು ಬಂತೇ ಎಂದು. ಅಣ್ಣ ಲಾರಿಯ ಪಕ್ಕದಿಂದ ಕದಲಲಿಲ್ಲ. ಇನ್ನೊಂದು ರಾಡ್ ಬಿಡೋಣವೇ ಎಂದು ಲಾರಿಯವರು ಕೇಳುವುದು, ಬಿಡಿ ಎಂದು ಇವನು ತಲೆಯಾಡಿಸುವುದು, ಬೆಳಗಿನ ಜಾವದವರೆಗೆ ಇದೇ ನಡೆಯಿತು. ಭಯ ಮನುಷ್ಯನನ್ನು ಓಡಿಸುತ್ತದೆ ಎನ್ನುತ್ತಾರೆ, ಆದರೆ ಅಲ್ಲಿ ಅದು ಒಬ್ಬನನ್ನು ನಿಂತಲ್ಲೇ ನಿಲ್ಲಿಸಿ ಅಡಿ ಅಡಿಯಾಗಿ ಸಾಲದೊಳಕ್ಕೆ ಇಳಿಸುತ್ತಿದ್ದುದನ್ನು ನಾನು ನೋಡಿದೆ. ಒಳಗೆ ಅತ್ತಿಗೆ ದೇವರ ಗೂಡಿನ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತ ಕುಳಿತಿದ್ದರು.

ನೀರು ಬರಲಿಲ್ಲ. ಕೊನೆಯವರೆಗೂ ಧೂಳೇ.

ಇಂಥ ಸಮಯದಲ್ಲಿ ದೇವರು ಪರೀಕ್ಷಿಸುತ್ತಿದ್ದಾನೆ ಎಂದು ಹೇಳುವವರು ಬಂದೇ ಬರುತ್ತಾರೆ, ಬಂದರು. ಆ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ. ಒಬ್ಬ ರೈತನನ್ನು ಪರೀಕ್ಷಿಸುವುದಕ್ಕಾಗಿ ಭೂಮಿಯೊಳಗಿನ ನೀರನ್ನು ಬಚ್ಚಿಡುವ ದೇವರನ್ನು ನಾನು ಅರಿಯೆ. ನೀರು ಹೋದದ್ದು ನಾವೇ ಮೂರು ತಲೆಮಾರಿನಿಂದ ಇಂಗಿದ್ದಕ್ಕಿಂತ ಹೆಚ್ಚು ಎತ್ತಿದ್ದರಿಂದ, ಕೆರೆಗಳ ಹೂಳು ತೆಗೆಯದೆ ಬಿಟ್ಟದ್ದರಿಂದ. ಇದು ಗೊತ್ತಿದ್ದೂ ಗಂಗಮ್ಮನ ಮುಂದೆ ಕೈಮುಗಿಯಬಹುದು. ಗೊತ್ತಿರುವುದನ್ನು ಗಂಗಮ್ಮನ ಮೇಲೆ ಹೊರಿಸಬಾರದು.

ನಾಲ್ಕಾರು ದಿನ ಕಳೆಯುವುದರೊಳಗೆ ಅಣ್ಣ ಇನ್ನೊಂದು ಪಾಯಿಂಟಿನ ಮಾತೆತ್ತಿದ. ಕಾಯಿ ಎದ್ದದ್ದು ಇಲ್ಲಿ, ಆದರೆ ನೀರಿನ ಸೆಲೆ ಆ ಮೂಲೆಯಲ್ಲಿದೆ ಎಂದು ಯಾರೋ ಹೇಳಿದ್ದರು. ಒಂದು ಬೋರು ಹುಸಿಯಾದ ಭಯದಲ್ಲಿ ಎರಡನೆಯದನ್ನು, ಎರಡರ ಸಾಲದ ಭಯದಲ್ಲಿ ಮೂರನೆಯದನ್ನು ಕೊರೆಸಿದವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಅತ್ತಿಗೆ ಒಪ್ಪಲಿಲ್ಲ. ಒಡವೆ ಅಡವಿಡಲು ಕೊಡುವುದಿಲ್ಲವೆಂದು ಹೇಳಿ, ಟೊಮೇಟೊ ಬಿಡೋಣ, ಮಳೆಗೆ ರಾಗಿ ಹಾಕೋಣ, ಹಸುಗಳ ಹಾಲು ಡೇರಿಗೆ ಹೋಗುತ್ತಿದೆಯಲ್ಲ, ಮಾವಿನ ಗಿಡಗಳಿಗೆ ಈ ಬೇಸಿಗೆ ಟ್ಯಾಂಕರಿನ ನೀರು ಹಾಕಿ ಉಳಿದಷ್ಟನ್ನು ಉಳಿಸಿಕೊಳ್ಳೋಣ ಎಂದರು. ಹೆದರಿಕೆಯಿಲ್ಲದೆ ಹೇಳಿದ ಮಾತಲ್ಲ ಅದು. ಆ ದಿನಗಳಲ್ಲಿ ಅವರಿಗೆ ನಿದ್ದೆಯಿರಲಿಲ್ಲವೆಂದು ನನಗೆ ಗೊತ್ತು.

ಜಾತ್ರೆ ಬಂದಾಗ ಅತ್ತಿಗೆ ಅಕ್ಕಿ ನೆನೆಹಾಕಿ, ಹಿಟ್ಟು ಕುಟ್ಟಿಸಿ, ಬೆಲ್ಲ ಬೆರೆಸಿ ತಂಬಿಟ್ಟು ಕಟ್ಟಿ, ಹೂವಿನಿಂದ ಅಲಂಕರಿಸಿದ ದೀಪವನ್ನು ತಲೆಯ ಮೇಲೆ ಹೊತ್ತು, ತಮಟೆಯ ಹಿಂದೆ ಊರಿನ ಉಳಿದ ಹೆಂಗಸರ ಸಾಲಿನಲ್ಲಿ ಗಂಗಮ್ಮನ ಗುಡಿಗೆ ನಡೆದರು. ಹರಕೆಯ ಮಾತಿನಂತೆ ಅವರು ಅದನ್ನು ಹೊರಬೇಕಾಗಿರಲಿಲ್ಲ. ಅಣ್ಣನಿಗೆ ಅದು ಹಿಡಿಸಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, ‘ನೀರೇ ಬರಲಿಲ್ಲ, ಯಾತಕ್ಕೆ ಹೊತ್ತೆ ದೀಪ?’ ಎಂದು ಕೇಳಿದ. ಅತ್ತಿಗೆ ಅವನ ತಟ್ಟೆಗೆ ಸಾರು ಬಡಿಸುತ್ತಲೇ, ‘ಅವತ್ತು ರಾತ್ರಿಯೆಲ್ಲ ನನ್ನ ಜೊತೇಲಿ ಕೂತಿದ್ದೋಳು ಅವಳೊಬ್ಬಳೇ ಕಣ್ರೀ. ನೀವು ಲಾರಿ ಹತ್ರ ಇದ್ರಿ’ ಎಂದರು.

ಅಣ್ಣ ಇದನ್ನು ಉತ್ತರವೆಂದು ಇಂದಿಗೂ ಒಪ್ಪಿಲ್ಲ. ಪ್ರತಿ ವರ್ಷ ಜಾತ್ರೆಯ ಹೊತ್ತಿಗೆ ಅಕ್ಕಿಯ ಖರ್ಚಿನ ಲೆಕ್ಕ ತೆಗೆಯುತ್ತಾನೆ, ಅತ್ತಿಗೆ ಇಳಿಸದೆ ಉಳಿದ ರಾಡುಗಳ ಲೆಕ್ಕ ತೆಗೆಯುತ್ತಾರೆ. ಎರಡನೆಯ ಬೋರು ಇನ್ನೂ ಕೊರೆದಿಲ್ಲ. ಪಾಯಿಂಟ್ ನೋಡುವವರ ನಂಬರನ್ನು ಅವನು ಫೋನಿನಿಂದ ತೆಗೆದೂ ಇಲ್ಲ.